ಬೀಗಕ್ಕೆ ಇಟ್ಟ ತಾರೀಕು

ಸಿದ್ದಾಪುರ ತಾಲೂಕಿನ ಹೇರೂರಿನ ಕಡೆ, ಹಳ್ಳವೊಂದು ಬಂಡೆಗಳ ನಡುವೆ ಅಗಲವಾಗಿ ಹರಿಯುವ ಜಾಗದಲ್ಲಿ, ಒಂದೇ ಕುಟುಂಬಕ್ಕೆ ಸೇರಿದ ಎರಡು ಮನೆಗಳಿವೆ. ದಿಬ್ಬದ ಮೇಲಿನದು ಶಾಂತಾರಾಮ ಮತ್ತು ಗಂಗಾ ದಂಪತಿಗಳು ವಾಸವಾಗಿರುವ ಮನೆ. ಅದರ ಅಂಗಳದಿಂದ ಮೂವತ್ತೆರಡು ಮೆಟ್ಟಿಲು ಇಳಿದರೆ ಹಳ್ಳದ ದಡದ ಕೆಳಮನೆ. ಅಲ್ಲಿ ಯಾರೂ ಕಾಯಂ ಆಗಿ ಇರುವುದಿಲ್ಲ. ಸತ್ತವರ ಉತ್ತರಕ್ರಿಯೆಗೆಂದು ನಾಲ್ಕಾರು ದಿನದ ಮಟ್ಟಿಗೆ ಬಾಡಿಗೆಗೆ ಕೊಡುವ ಮನೆ ಅದು.

ಶಿರಸಿಯಲ್ಲಿ, ಯಲ್ಲಾಪುರದಲ್ಲಿ, ಇನ್ನೂ ದೂರದ ಪೇಟೆಗಳಲ್ಲಿ ಬಾಡಿಗೆ ಮನೆ ಹಿಡಿದು ಬದುಕುವವರಿಗೆ ಒಂದು ತೊಡಕಿದೆ. ಮನೆಯಲ್ಲಿ ಸಾವಾದರೆ ಅಲ್ಲೇ ಕ್ರಿಯೆ ನಡೆಸಲು ಮಾಲೀಕರು ಒಪ್ಪುವುದಿಲ್ಲ. ಒಪ್ಪಿದರೂ ಮುಳುಗಿ ಏಳಲು ಹರಿಯುವ ನೀರಿಲ್ಲ, ಪಿಂಡವಿಟ್ಟು ಕಾಗೆಗೆ ಕಾಯಲು ಬಯಲಿಲ್ಲ. ಅಂಥವರಿಗೆ ಆಸರೆಯಾಗಲೆಂದು ಶಾಂತಾರಾಮನ ತಂದೆ ಕೆಳಮನೆಯನ್ನು ಕಟ್ಟಿಸಿದ್ದರು. ಮಗಳು ಅಭಿಜ್ಞಾ ಅದರ ಚಿತ್ರ, ವಿವರಗಳನ್ನು ಫೋನಿನ ಆ್ಯಪಿನಲ್ಲಿ ಹಾಕಿದ ಮೇಲೆ ಹೆಸರು ಕೇಳಿರದ ಊರುಗಳಿಂದಲೂ ಜನ ಬರತೊಡಗಿದರು.

ಬಂದವರನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ ಅಲ್ಲಿ ಒಂದು ಕ್ರಮವಿತ್ತು. ಸೂತಕದಲ್ಲಿರುವವರನ್ನು ಯಾರೂ ‘ಬನ್ನಿ’ ಎಂದು ಕರೆಯುವುದಿಲ್ಲ. ಹೊರಟವರಿಗೆ ‘ಹೋಗಿ ಬನ್ನಿ’ ಎನ್ನುವುದಂತೂ ಇಲ್ಲವೇ ಇಲ್ಲ. ಅವರ ಕೈಗೆ ಏನನ್ನೂ ನೇರವಾಗಿ ಕೊಡುವುದಿಲ್ಲ. ಗಂಗಾ ಮೆಟ್ಟಿಲಿಳಿದು ಹೋಗಿ ಬೀಗದ ಕೈಯನ್ನು ಕೆಳಮನೆಯ ಜಗಲಿಯಂಚಿನ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುವಳು. ಬಂದವರು ಅದನ್ನು ಎತ್ತಿಕೊಂಡು ಬಾಗಿಲು ತೆಗೆಯುವರು. ಕೆಲಸ ಮುಗಿದ ದಿನ ಅದನ್ನು ಅದೇ ಕಲ್ಲಿನ ಮೇಲಿಟ್ಟು, ಹೇಳದೆ, ತಿರುಗಿ ನೋಡದೆ ಹೊರಟುಹೋಗುವರು. ಗಂಗಾ ಅರಿಶಿನದ ನೀರು ಚಿಮುಕಿಸಿ ಎತ್ತಿಡುವಳು. ಇಪ್ಪತ್ತೇಳು ವರ್ಷ ಅವಳು ಇದನ್ನು ಮಾಡಿದಳು. ಹೀಗೆ ಕಲ್ಲಿನಿಂದ ಸರಿದು ನಿಂತು ಅವಳು ನೋಡಿದಷ್ಟು ಅಳುವ ಮುಖಗಳನ್ನು ಆ ಸೀಮೆಯಲ್ಲಿ ಬೇರೆ ಯಾರೂ ನೋಡಿರಲಾರರು ಎಂದು ಜನ ಹೇಳುತ್ತಾರೆ.

ಅದರ ಬೆಲೆಯನ್ನೂ ಅವಳು ತೆತ್ತಿದ್ದಳು. ಊರ ಮದುವೆ ಮುಂಜಿಗಳಿಗೆ ಅವಳಿಗೆ ಕರೆ ಬರುತ್ತಿತ್ತು. ಹೋದರೆ ಆದರವೂ ಸಿಗುತ್ತಿತ್ತು. ಆದರೆ ಆರತಿ ಎತ್ತಲು ಮುತ್ತೈದೆಯರನ್ನು ಕರೆಯುವಾಗ ಕರೆಯುವವರ ಕಣ್ಣು ಅವಳ ಮೇಲೆ ಹಾದು ಪಕ್ಕದವಳಲ್ಲಿ ನಿಲ್ಲುತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಆಡಿದವರಲ್ಲ. ಗಂಗಾ ಕೇಳಿದವಳೂ ಅಲ್ಲ. ಒಂದು ಜಾಗ ಮಾತ್ರ ತನ್ನಿಂದ ಯಾರೂ ಕಿತ್ತುಕೊಳ್ಳಲಾರದ್ದು ಎಂದು ಅವಳು ತಿಳಿದಿದ್ದಳು. ಅಭಿಜ್ಞಾಳ ಮದುವೆಯಲ್ಲಿ ತಂದೆ ಮಗಳ ಕೈಯನ್ನು ವರನ ಕೈಯಲ್ಲಿ ಇರಿಸುವಾಗ, ಗಿಂಡಿ ಹಿಡಿದು ಧಾರೆಯ ನೀರೆರೆಯಬೇಕಾದವಳು ತಾಯಿ.

ಅಭಿಜ್ಞಾ ಶಿರಸಿಯ ಸೊಸೈಟಿಯೊಂದರಲ್ಲಿ ಕೆಲಸಕ್ಕಿದ್ದಳು. ದೊಡ್ಮನೆ ಊರಿನ ಚಿರಂತನನೊಂದಿಗೆ ಸಂಬಂಧ ಕೂಡಿಬಂದು ವೈಶಾಖದಲ್ಲಿ ಮದುವೆಯೆಂದು ನಿಶ್ಚಯವಾಯಿತು. ನಿಶ್ಚಯದ ಊಟವಾದ ಮೇಲೆ ಚಿರಂತನನ ಸೋದರತ್ತೆ, ಆ ಮನೆಯಲ್ಲಿ ಎಲ್ಲರೂ ಮಾತು ಕೇಳುವ ಹಿರಿಯಾಕೆ, ಗಂಗಾಳನ್ನು ಹಿತ್ತಿಲ ಕಡೆಗೆ ಕರೆದು ಕುಳ್ಳಿರಿಸಿಕೊಂಡಳು. ಕೆಳಮನೆಯ ಕೆಲಸ ಪುಣ್ಯದ್ದೇ, ತಾನು ಅದನ್ನು ಹಗುರವಾಗಿ ಕಾಣುವವಳಲ್ಲ ಎಂದು ಮೊದಲು ಹೇಳಿದಳು. ಆದರೂ ಲಗ್ನಕ್ಕೆ ಮುಂಚಿನ ಒಂದು ತಿಂಗಳು, ಅದರಲ್ಲೂ ಮದುವೆಯ ಹಿಂದಿನ ದಿನದ ನಾಂದಿಪೂಜೆಯಾದ ಮೇಲೆ, ಸೂತಕದವರ ಎದುರು ನಿಲ್ಲುವುದು ಬೇಡ. ಧಾರೆ ಎರೆಯುವ ಕೈ ಅದು ಎಂದಳು. ಗಂಗಾ ಆಗಲೆಂದು ಮಾತು ಕೊಟ್ಟಳು.

ಮಾತು ಕೊಡುವುದು ಸುಲಭವಿತ್ತು. ಕೆಳಮನೆಗೆ ಬೀಗ ಹಾಕಿ ಒಂದು ತಿಂಗಳು ಮುಚ್ಚಿಬಿಡಿ ಎಂದು ಶಾಂತಾರಾಮನ ತಮ್ಮ ಶಶಾಂಕ ಹೇಳಿ ನೋಡಿದ. ಸಾಯುವವರಿಗೆ ತಿಂಗಳು ಬಿಟ್ಟು ಸಾಯಿರಿ ಎನ್ನಲಾಗುತ್ತದೆಯೇ ಎಂದು ಗಂಗಾ ಕೇಳಿದಳು. ಶಾಂತಾರಾಮ ಕನ್ಯಾದಾನ ಮಾಡುವವನಾದ್ದರಿಂದ ಅವನೂ ಕೆಳಗೆ ಹೋಗುವಂತಿರಲಿಲ್ಲ. ಉಳಿದವಳು ಹೊನ್ನಿ. ಹಳ್ಳದ ಆಚೆ ದಡದಲ್ಲಿ ಗದ್ದೆ, ಮನೆ ಇದ್ದ ಅವಳು ಕೆಳಮನೆಯನ್ನು ಸಾರಿಸಿ ಗುಡಿಸಿ ಸೌದೆ ಒಟ್ಟಿಡುವವಳು. ಆ ಕೆಲಸವೂ ಮನೆ ಬರಿದಾದ ಮೇಲಿನದು. ಬೀಗದ ಕೈಯನ್ನು ನೀನು ಇಡುತ್ತೀಯಾ ಎಂದು ಗಂಗಾ ಅವಳನ್ನು ಕೇಳಿದಳು. ಹೊನ್ನಿಯ ಮಗಳು ಸೌಮ್ಯ ಏಳು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು.

“ನಿಮ್ಮನೆ ಮಂಗ್ಳಕ್ಕೆ ಆಗದ್ದು ನಮ್ಮನೆ ಬಸುರಿಗೆ ಆಗ್ತದಾ ಅಮಾ?” ಎಂದಳು ಹೊನ್ನಿ. ಸಿಟ್ಟಿನಿಂದ ಹೇಳಿದ್ದಲ್ಲ. ಆದರೆ ಆ ಮಾತು ಕೇಳಿದ ಮೇಲೆ ಗಂಗಾ ಎರಡು ದಿನ ಹೊನ್ನಿಯ ಮುಖ ನೋಡಿ ಮಾತಾಡಲಿಲ್ಲ. ತನಗೆ ಬೇಡವಾದುದನ್ನು ಇನ್ನೊಬ್ಬರ ಕೈಗೆ ದಾಟಿಸಲು ಹೋದೆನಲ್ಲ ಎಂಬ ನಾಚಿಕೆ ಅವಳನ್ನು ಹಿಡಿದಿತ್ತು.

ಹೀಗಾಗಿ, ಬಂದವರು ತಾವೇ ಬಾಗಿಲು ತೆಗೆದುಕೊಂಡು ಒಳಹೋಗುವಂಥ ಉಪಾಯವೊಂದನ್ನು ಹುಡುಕಬೇಕಾಯಿತು. ಪೇಟೆಗಳಲ್ಲಿ ಬಾಡಿಗೆ ಮನೆಯವರು ಈಗ ಮಾಡುವುದೇ ಹಾಗೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ ಎಂದು ಅಭಿಜ್ಞಾ ಹೇಳಿದಳು. ತಾಯಿ ಮಗಳು ಶಿರಸಿಗೆ ಹೋಗಿ ಬೀಗದಂಗಡಿಯಲ್ಲಿ ಅರ್ಧ ದಿನ ಕುಳಿತರು. ಫೋನಿನಿಂದ ತೆರೆಯುವ ಬೀಗವನ್ನು ಅಂಗಡಿಯವನು ಬಹಳ ಹೊಗಳಿದ. ಆದರೆ ಹಳ್ಳದ ತಗ್ಗಿಗೆ ನೆಟ್‌ವರ್ಕ್ ಇಳಿಯುವುದಿಲ್ಲ. ಕ್ರಿಯೆಗೆ ಕುಳಿತವರು ಫೋನನ್ನು ಮುಟ್ಟುವುದೂ ಕಡಿಮೆ. ಬೆರಳೊತ್ತಿ ತೆರೆಯುವುದನ್ನು ಗಂಗಾಳೇ ಬೇಡವೆಂದಳು. ದಿನಕ್ಕೆ ಹತ್ತು ಸಲ ನೀರಲ್ಲಿ ಅದ್ದಿದ, ಎಳ್ಳು ಹಿಟ್ಟು ಮೆತ್ತಿದ ಬೆರಳನ್ನು ಯಾವ ಯಂತ್ರ ತಾನೇ ಓದೀತು? ಕೊನೆಗೆ ಮುಖ ನೋಡಿ ತೆರೆದುಕೊಳ್ಳುವ ಬೀಗವನ್ನು ಆರಿಸಿದರು. ಬರುವವರು ಮೊದಲೇ ಫೋಟೋ ಕಳಿಸಿದರೆ ಅಭಿಜ್ಞಾ ಅದನ್ನು ಬೀಗಕ್ಕೆ ಸೇರಿಸಿಡುವಳು; ಬಾಗಿಲ ಮುಂದೆ ನಿಂತರೆ ಸಾಕು.

ಆ ಬೀಗದ ಮೊದಲ ಪರೀಕ್ಷೆ ಶಿರಸಿಯ ಬ್ಯಾಂಕಿನ ನೌಕರನೊಬ್ಬನ ಪಾಲಿಗೆ ಬಂತು. ತಂದೆಯ ಕ್ರಿಯೆಗೆ ಬಂದಿದ್ದ. ಬಂದ ಸಂಜೆ ಬಾಗಿಲು ಸಲೀಸಾಗಿ ತೆರೆಯಿತು. ಮರುದಿನ ಬೆಳಿಗ್ಗೆ ಹಳ್ಳದ ಬಂಡೆಯ ಮೇಲೆ ಅವನಿಗೆ ಕ್ಷೌರವಾಯಿತು. ತಲೆ, ಮೀಸೆ ಎರಡೂ ಹೋದವು. ಮುಳುಗೆದ್ದು ಒದ್ದೆ ಪಂಚೆಯಲ್ಲಿ ಬಂದು ಬಾಗಿಲ ಮುಂದೆ ನಿಂತರೆ ಬೀಗ ಕೆಂಪು ದೀಪ ತೋರಿಸಿತು. ಎಡಕ್ಕೆ ತಿರುಗಿದ, ಬಲಕ್ಕೆ ತಿರುಗಿದ, ಕನ್ನಡಕ ಹಾಕಿ ನೋಡಿದ. ಮತ್ತೆ ಕೆಂಪು. ಸಾಮಾನು ತರಲು ಹೋಗಿದ್ದ ಭಾವ ಬಂದು ತನ್ನ ಮುಖ ಒಡ್ಡುವವರೆಗೆ ಆತ ಒದ್ದೆ ಮೈಯಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದ. ಪಕ್ಕದ ಬಿಳಗಿಯ ಕಡೆ ಇದನ್ನು ನಗಿಸುವ ಕತೆಯಾಗಿ ಹೇಳುತ್ತಾರೆ. ಹೇರೂರಿನವರು ಮಾತ್ರ ಆತ ಆಡಿದ ಒಂದು ಮಾತನ್ನು ಬಿಡದೆ ಸೇರಿಸುತ್ತಾರೆ: “ಅಪ್ಪ ಹೋದ್ಮೇಲೆ ನಾನು ಯಾರು ಅಂತ ಬೀಗಕ್ಕೂ ಗುರುತು ಸಿಗ್ಲಿಲ್ಲ ನೋಡಿ.”

ಆ ಬೀಗವನ್ನು ಬಿಚ್ಚಿ ಹಿಂದಿರುಗಿಸಿದರು. ಬದಲಿಗೆ ತಂದದ್ದು ಅಂಗೈಯಗಲದ ಒಂದು ಕಬ್ಬಿಣದ ಡಬ್ಬಿ. ಅದನ್ನು ಜಗಲಿಯ ಕಂಬಕ್ಕೆ ಬಿಗಿದರು. ಡಬ್ಬಿಯ ಮುಖದಲ್ಲಿ ತಿರುಗಿಸುವ ನಾಲ್ಕು ಗಾಲಿಗಳು, ಒಂದೊಂದರಲ್ಲೂ ಸೊನ್ನೆಯಿಂದ ಒಂಬತ್ತು. ಸರಿಯಾದ ನಾಲ್ಕು ಅಂಕಿ ಕೂಡಿದರೆ ಬಾಯಿ ತೆರೆಯುತ್ತದೆ, ಒಳಗೆ ಬೀಗದ ಕೈ ಇರುತ್ತದೆ. ಕರೆಂಟು ಬೇಕಿಲ್ಲ, ನೆಟ್‌ವರ್ಕ್ ಬೇಕಿಲ್ಲ, ಮುಖವೂ ಬೇಕಿಲ್ಲ. ಒಂದೇ ಒಂದು ಪ್ರಶ್ನೆ, ಯಾವ ನಾಲ್ಕು ಅಂಕಿ ಎಂಬುದು. ದುಃಖದಲ್ಲಿರುವವರಿಗೆ ಹೊಸ ಸಂಖ್ಯೆ ನೆನಪಿರುವುದಿಲ್ಲ. ಫೋನಿನಲ್ಲಿ ಹುಡುಕಲು ಹೋದರೆ ಬಂದ ಸಂದೇಶಗಳ ನಡುವೆ ಸಿಗುವುದಿಲ್ಲ. ಇದನ್ನು ಗಂಗಾ ಬಲ್ಲಳು.

ಗಂಗಾಳಿಗೆ ಹೊಳೆದ ಉಪಾಯವನ್ನು ಅಭಿಜ್ಞಾ ಬಹಳ ಮೆಚ್ಚಿದಳು. ಕ್ರಿಯೆಗೆ ಬಂದವರು ಬೇರೆ ಏನನ್ನು ಮರೆತರೂ ಒಂದನ್ನು ಮರೆಯುವಂತಿಲ್ಲ. ಭಟ್ಟರು ಮೊದಲು ಕೇಳುವುದೇ ಅದನ್ನು. ತೀರಿಕೊಂಡದ್ದು ಯಾವ ದಿನ? ಮುಂದೆ ವರ್ಷವರ್ಷವೂ ಶ್ರಾದ್ಧ ನಡೆಯುವುದು ಆ ದಿನದ ಮೇಲೆಯೇ. ಹಾಗಾದರೆ ಆ ದಿನ ಮತ್ತು ತಿಂಗಳೇ ಬೀಗದ ಸಂಖ್ಯೆಯಾಗಲಿ. ಮನೆ ಕೇಳಿದವರಿಂದ ತಾರೀಕು ತಿಳಿದುಕೊಂಡು, ಮನೆ ಬರಿದಿರುವಾಗಲೇ ಗಂಗಾ ಡಬ್ಬಿಯನ್ನು ಅದಕ್ಕೆ ಹೊಂದಿಸಿಟ್ಟು ಬರುವಳು. ಅಭಿಜ್ಞಾ ಒಂದು ಸಾಲಿನ ಸಂದೇಶ ಕಳಿಸುವಳು.

ಎರಡು ಕುಟುಂಬಗಳು ಹಾಗೆ ಬಂದುಹೋದವು. ಏನೂ ತೊಡಕಾಗಲಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮುದುಕರೊಬ್ಬರು, ಈ ನಂಬರನ್ನು ಮರೆಯಬೇಕೆಂದರೂ ಆಗದಲ್ಲ ಎಂದು ಹೊರಡುವಾಗ ಭಟ್ಟರ ಬಳಿ ಹೇಳಿದ್ದರಂತೆ. ಅದನ್ನು ಕೇಳಿ ಗಂಗಾಳಿಗೆ ಸಮಾಧಾನವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು. ಮೇಲಿನ ಅಂಗಳದಲ್ಲಿ ನಿಂತು, ತಾನು ಎದುರಿಲ್ಲದೆಯೂ ಕೆಳಗಿನ ಬಾಗಿಲು ತೆರೆದುಕೊಳ್ಳುವುದನ್ನು ಅವಳು ನೋಡಿದಳು.

ಮದುವೆಗೆ ಐದು ದಿನವಿರುವಾಗ ಯಲ್ಲಾಪುರದ ಮೂಡಲ ಅಂಚಿನ ಊರೊಂದರಿಂದ ಫೋನು ಬಂತು. ಮಾತಾಡಿದವನು ಸತ್ತವನ ಚಿಕ್ಕಪ್ಪನ ಮಗ. ಸತ್ತವನಿಗೆ ಇಪ್ಪತ್ತಾರು ವರ್ಷ. ಮನೆಯಿಂದ ಹೊರಟವನು ತಿರುಗಿ ಬರಲಿಲ್ಲ; ಹನ್ನೊಂದು ದಿನ ಹುಡುಕಿದ ಮೇಲೆ ಕಾಡಿನ ಜಲಪಾತವೊಂದರ ಕೆಳಗೆ ದೇಹ ಸಿಕ್ಕಿತ್ತು. ದಹನ ಅಲ್ಲೇ ಆಗಿದೆ, ಕೊನೆಯ ದಿನಗಳ ಕ್ರಿಯೆಗೆ ಮನೆ ಬೇಕು ಎಂದ. ಅಭಿಜ್ಞಾ ತಾರೀಕು ಕೇಳಿದಳು. ಸಿಕ್ಕಿದ್ದು ಏಪ್ರಿಲ್ ಮೂವತ್ತಕ್ಕೆ, ಡಾಕ್ಟರು ಬರೆದುಕೊಟ್ಟದ್ದು ಇಪ್ಪತ್ತೇಳು. ಆದರೆ ದಿನ ನಿಶ್ಚಯವಿಲ್ಲದ ಸಾವಿಗೆ ಮನೆ ಬಿಟ್ಟ ದಿನವನ್ನೇ ಹಿಡಿಯಬೇಕೆಂದು ಅವರ ಭಟ್ಟರು ನಿರ್ಣಯಿಸಿದ್ದರು. ಅದು ಹತ್ತೊಂಬತ್ತು. ಗಂಗಾ ಕೆಳಗೆ ಹೋಗಿ ಒಂದು, ಒಂಬತ್ತು, ಸೊನ್ನೆ, ನಾಲ್ಕು ಎಂದು ಗಾಲಿಗಳನ್ನು ಹೊಂದಿಸಿಟ್ಟು ಬಂದಳು.

ಅವರು ಬರುವ ದಿನವೇ ಮೇಲಿನ ಮನೆಯಲ್ಲಿ ನಾಂದಿ. ಮರುದಿನ ಸಿದ್ದಾಪುರದ ಕಲ್ಯಾಣಮಂಟಪದಲ್ಲಿ ಲಗ್ನ. ನಾಂದಿಯ ಊಟ ಮುಗಿದು ನೆಂಟರಲ್ಲಿ ಹೆಚ್ಚಿನವರು ಮಂಟಪದ ಕಡೆ ಹೊರಟಿದ್ದರು. ನಡುಮಧ್ಯಾಹ್ನ. ಗಂಗಾ ಹೊಸ ಸೀರೆಯಲ್ಲೇ ಅಂಗಳದ ತುದಿಗೆ ಬಂದು ನಿಂತಾಗ ಕೆಳಮನೆಯ ಜಗಲಿಯಲ್ಲಿ ಒಬ್ಬಳೇ ಒಬ್ಬ ಹೆಂಗಸು ಕಂಡಳು. ಮೂವತ್ತರ ಆಸುಪಾಸು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಸಣ್ಣ ಮಡಕೆಯೊಂದನ್ನು ಎಡಗೈಯಿಂದ ಎದೆಗೆ ಒತ್ತಿ ಹಿಡಿದಿದ್ದಳು. ಅದು ಅಸ್ಥಿ ಎಂದು ಗಂಗಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ನೀರಿಗೆ ಬಿಡುವವರೆಗೆ ಅದನ್ನು ನೆಲಕ್ಕೆ ಇಡುವಂತಿಲ್ಲ. ಒಂದೇ ಕೈಯಲ್ಲಿ ಅವಳು ಡಬ್ಬಿಯ ಗಾಲಿಗಳನ್ನು ತಿರುವುತ್ತಿದ್ದಳು.

ಈಗ ತೆರೆದೀತು ಎಂದು ಗಂಗಾ ಕಾದಳು. ಅಡುಗೆಮನೆಗೆ ಹೋಗಿ, ಉಳಿದ ಅನ್ನಕ್ಕೆ ಮುಚ್ಚಳ ಮುಚ್ಚಿ ಬಂದಳು. ಹೆಂಗಸು ಇನ್ನೂ ಅಲ್ಲೇ ಇದ್ದಳು, ಕೈ ಇನ್ನೂ ಡಬ್ಬಿಯ ಮೇಲೇ ಇತ್ತು.

ಹಳ್ಳದಲ್ಲಿ ನಾಂದಿಯ ಪಾತ್ರೆ ತೊಳೆಯಲು ಹೋಗಿದ್ದ ಹೊನ್ನಿ ಬುಟ್ಟಿ ಹೊತ್ತು ಬಳಸುದಾರಿಯಲ್ಲಿ ಮೇಲೆ ಬಂದಳು. ಬುಟ್ಟಿ ಇಳಿಸುತ್ತ, ಆ ಹೆಂಗಸು ಬಾಯಲ್ಲೇ ತಾರೀಕು ಹೇಳಿಕೊಳ್ಳುತ್ತ ತಿರುವುತ್ತಿದ್ದಾಳೆ, ಬಂಡೆಯವರೆಗೂ ಕೇಳುತ್ತದೆ ಎಂದಳು.

“ಮೂವತ್ತರಿಂದ ಹಿಂದಕ್ಕೆ ಬತ್ತರೆ ಅಮಾ. ಇಪ್ಪತ್ತೊಂಬತ್ತು, ಇಪ್ಪತ್ತೆಂಟು, ಹಾಂಗೇ. ಇಪ್ಪತ್ತಕ್ಕೆ ಬಂದು ನಿಲ್ತರೆ. ಮತ್ತೆ ಮೂವತ್ತಕ್ಕೇ ಹೋತರೆ.”

ಹಾಗೆ ಎಷ್ಟು ಸಲ ಎಂದು ಗಂಗಾ ಕೇಳಿದಳು. ತಾನು ಕೇಳಿದ್ದು ಮೂರು ಸಲ ಎಂದಳು ಹೊನ್ನಿ. ಈ ಭಾಗವನ್ನು ಕೆಲವರು ಏಳು ಸಲವೆಂದು ಬೆಳೆಸಿ ಹೇಳುವುದುಂಟು. ಕಿವಿಯಾರೆ ಕೇಳಿದವಳು ಹೊನ್ನಿಯೊಬ್ಬಳೇ ಆದ್ದರಿಂದ ಮೂರು ಎಂಬುದನ್ನೇ ಇಲ್ಲಿ ಉಳಿಸಿಕೊಂಡಿದೆ.

ಅಭಿಜ್ಞಾ ಕೈಗೆ ಹಚ್ಚಿದ ಮದರಂಗಿ ಒಣಗಿಸುತ್ತ ಜಗಲಿಗೆ ಬಂದಿದ್ದಳು. ಇದಕ್ಕೇಕೆ ಇಷ್ಟು ಯೋಚನೆ, ನಂಬರು ನಮಗೆ ಗೊತ್ತಿದೆಯಲ್ಲ ಎಂದಳು. “ಇಲ್ಲಿಂದಲೇ ಕೂಗಿ ಹೇಳಿದ್ರೆ ಆತು ಆಯಿ. ಎದುರಿಗೆ ಹೋಪದು ಎಂತಕ್ಕೆ?”

“ಎಂತ ಹೇಳಿ ಕೂಗವು ತಂಗಿ?” ಎಂದು ಮಗಳನ್ನು ಕೇಳಿದಳು ಗಂಗಾ. “ನಿನ್ನ ತಮ್ಮ ಹತ್ತೊಂಬತ್ತಕ್ಕೇ ಹೋದ ಹೇಳಾ?”

ಕೆಳಗೆ ಆ ಕೈ ಮತ್ತೆ ಗಾಲಿಗಳ ಮೇಲೆ ಹೋಯಿತು. ತಾನು ಉಪಕಾರವೆಂದು ಮಾಡಿದ್ದು ಏನೆಂದು ಗಂಗಾಳಿಗೆ ಆಗ ಪೂರ್ತಿಯಾಗಿ ಕಂಡಿತು. ಯಾವ ದಿನವನ್ನು ಬಾಯಲ್ಲಿ ಹೇಳಲು ಜನ ನೀರು ಕುಡಿದು, ಉಸಿರು ತೆಗೆದುಕೊಂಡು, ಇನ್ನೊಬ್ಬರ ಮುಖ ನೋಡುತ್ತಾರೋ ಆ ದಿನವನ್ನು ಅವರ ಕೈಯಿಂದಲೇ ಬರೆಸಿದರೆ ಮಾತ್ರ ಬಾಗಿಲು ತೆರೆಯುವಂತೆ ತಾನು ಮಾಡಿದ್ದಳು. ಮೊದಲ ಎರಡು ಕುಟುಂಬಗಳವರೂ ಹೀಗೇ ನಿಂತಿದ್ದಿರಬಹುದು, ಸ್ವಲ್ಪ ಹೊತ್ತು ಮಾತ್ರ. ಮೇಲಿನಿಂದ ಅವರ ಬೆನ್ನಷ್ಟೇ ಕಂಡಿತ್ತು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲಿಗೆ ಕಾಲಿಟ್ಟಳು. ಒಳಗಿನಿಂದ ಬಂದ ಶಾಂತಾರಾಮ ಒಮ್ಮೆ ಅವಳ ಹೆಸರು ಹಿಡಿದು ಕರೆದ. ಅವಳು ನಿಂತಳು. ಒಮ್ಮೆ ತಿರುಗಿ ಅವನತ್ತ ನೋಡಿ ಮತ್ತೆ ಇಳಿದಳು.

ಹತ್ತಿರ ಹೋದಾಗ ಆ ಹೆಂಗಸು ತಿರುಗಿ ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಕೈಯನ್ನು ಡಬ್ಬಿಯಿಂದ ತೆಗೆದಳು. ರಮ್ಯಶ್ರೀ ಎಂದು ಹೆಸರು, ಶಾಲೆಯಲ್ಲಿ ಕಲಿಸುತ್ತೇನೆ ಎಂದಳು. ಚಿಕ್ಕಪ್ಪನ ಮಗ ಭಟ್ಟರನ್ನು ಕರೆದುಕೊಂಡು ಸಂಜೆಗೆ ಬರುತ್ತಾನೆ. ಮಡಕೆಯನ್ನು ಬಸ್ಸಿನ ಗದ್ದಲದಲ್ಲಿ ತರುವುದು ಬೇಡವೆಂದು ತಾನು ಆಟೋ ಮಾಡಿಕೊಂಡು ಮೊದಲೇ ಬಂದೆ ಎಂದಳು. ತಾಯಿ ತಂದೆ ಇಲ್ಲದ ಮನೆಯಲ್ಲಿ ತಮ್ಮನನ್ನು ಬೆಳೆಸಿದವಳು ಅವಳೇ. ಇದನ್ನೆಲ್ಲ ಅವಳು ಗಂಗಾ ಕೇಳದೆಯೇ, ಒಂದೇ ದನಿಯಲ್ಲಿ, ಮಡಕೆಯ ಬಟ್ಟೆಯ ಗಂಟನ್ನು ನೋಡುತ್ತ ಹೇಳಿದಳು. ಬಳಿಕ ಡಬ್ಬಿಯ ಕಡೆ ಗದ್ದವೆತ್ತಿ ತೋರಿಸಿದಳು.

“ಹತ್ತೊಂಬತ್ತು ಇಟ್ಟೀರಿ ಅಂತ ನನಗ ಗೊತ್ತೈತ್ರಿ. ತಿರುವಾಕ ಕೈ ಬರವಲ್ದು. ಇಪ್ಪತ್ತನೇ ತಾರೀಕು ಅವಂಗಂತ ರೊಟ್ಟಿ ಬಡದಿಟ್ಟಿದ್ದೆ. ಹನ್ನೊಂದು ದಿನಾನೂ ಬಡದೀನಿ. ಆ ದಿನ ಎಲ್ಲಾ ಅವ ಇದ್ದನ್ರಿ, ನನ್ನ ಪಾಲಿಗೆ.”

ಗಂಗಾ ಕಂಬದ ಬಳಿ ಹೋಗಿ, ಡಬ್ಬಿ ಅವಳಿಗೆ ಕಾಣದಂತೆ ಬೆನ್ನು ಅಡ್ಡವಿಟ್ಟು ನಿಂತು, ನಾಲ್ಕು ಗಾಲಿಗಳನ್ನು ತಿರುವಿದಳು. ಡಬ್ಬಿಯ ಬಾಯಿ ತೆರೆಯಿತು. ಬೀಗದ ಕೈಯನ್ನು ಕಲ್ಲಿನ ಮೇಲಿಟ್ಟು ಪ್ರಯೋಜನವಿರಲಿಲ್ಲ. ಎತ್ತಿಕೊಂಡು ಬಾಗಿಲು ತೆಗೆಯಲು ರಮ್ಯಶ್ರೀಗೆ ಎರಡು ಕೈ ಬಿಡುವಿರಲಿಲ್ಲ. ಗಂಗಾಳೇ ಬಾಗಿಲು ತೆಗೆದಳು. ಹೊಸ್ತಿಲು ದಾಟುವಾಗ ರಮ್ಯಶ್ರೀಯ ಹೆಜ್ಜೆ ತಡವರಿಸಿದ್ದರಿಂದ ಅವಳ ಮೊಣಕೈ ಹಿಡಿದು ನಡೆಸಿದಳು. ಹಿಂದಿನ ಜಗಲಿಯ ತೊಲೆಯಲ್ಲಿ ಇಂಥದಕ್ಕೆಂದೇ ಹೊಡೆದ ಮರದ ಗೂಟವಿತ್ತು. ಮಡಕೆಯನ್ನು ಅಲ್ಲಿಗೆ ತೂಗುಹಾಕಿದ ಮೇಲೆ ರಮ್ಯಶ್ರೀ ತನ್ನ ಎಡಗೈಯನ್ನು ನೋಡಿಕೊಂಡಳು. ಮರಗಟ್ಟಿದ ಬೆರಳುಗಳು ಮಡಚಿದ ಹಾಗೇ ಇದ್ದವು. ಗಂಗಾ ಅವನ್ನು ಒಂದೊಂದಾಗಿ ಬಿಡಿಸಿದಳು.

“ಬೀಗಕ್ಕೆ ಒಂದು ನಂಬರು ಬೇಕಾಗಿತ್ತು, ಇಟ್ಟಿದ್ದೆ,” ಎಂದಳು. “ಅದನ್ನ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.”

ಹೊರಗೆ ಬಂದು ಅವಳು ಡಬ್ಬಿಯ ನಾಲ್ಕೂ ಗಾಲಿಗಳನ್ನು ಸೊನ್ನೆಗೆ ತಂದು ಹೊಂದಿಸಿದಳು. ಸೊನ್ನೆಯ ತಿಂಗಳಿನ ಸೊನ್ನೆಯ ದಿನ ಯಾವ ಪಂಚಾಂಗದಲ್ಲೂ ಬರುವುದಿಲ್ಲ. ಮುಂದೆ ಬರುವವರಿಗೆಲ್ಲ ಇದೇ ಸಂಖ್ಯೆ ಎಂದು ಅಭಿಜ್ಞಾಳಿಂದ ಅಂದೇ ಬರೆಸಿದಳು. ಕದಿಯುವವರಿಗೂ ಸುಲಭವಾಯಿತಲ್ಲ ಎಂದು ಯಾರೋ ಆಮೇಲೆ ಹೇಳಿದ್ದಕ್ಕೆ, ಆ ಮನೆಯಿಂದ ಏನನ್ನು ಕದ್ದೊಯ್ಯುತ್ತಾರೆ ಎಂದು ಕೇಳಿದಳಂತೆ. ಹಳ್ಳದಲ್ಲಿ ಮುಳುಗಿ, ಹೊಸ ಸೀರೆಯಿಂದ ನೀರಿಳಿಸುತ್ತ ಅವಳು ಮೆಟ್ಟಿಲು ಹತ್ತಿ ಬಂದಳು.

ಸೀರೆ ಬದಲಿಸಿ ಬಂದವಳು ಮೊದಲು ಮಾಡಿದ ಕೆಲಸ ದೊಡ್ಮನೆಗೆ ಫೋನು. ಶಾಂತಾರಾಮ ಅಡ್ಡ ಬಂದ. ನಾಂದಿಯಾದ ಮೇಲೆ ತಮ್ಮದೇ ಮನೆಯ ಸೂತಕವೂ ತಟ್ಟುವುದಿಲ್ಲವೆಂದು ಶಾಸ್ತ್ರವಿದೆ. ಅದೂ ಅಲ್ಲದೆ ನೋಡಿದವರು ನಾವು ಮೂವರು ಮತ್ತು ಹೊನ್ನಿ. ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ ಎಂದ. ಹೇಳುತ್ತ ಹೇಳುತ್ತ ಅವನ ದನಿ ಏರಿತು. ಇಪ್ಪತ್ತೇಳು ವರ್ಷದಲ್ಲಿ ಅವಳು ತನಗಾಗಿ ಬಯಸಿದ ಜಾಗ ಇದೊಂದೇ ಎಂಬುದನ್ನು ಅವನು ಬಲ್ಲವನಾಗಿದ್ದ.

“ಶಾಸ್ತ್ರ ಇದ್ರೆ ಇಕ್ಕು,” ಎಂದಳು ಗಂಗಾ. “ಆನು ಅವಕ್ಕೆ ಮಾತು ಕೊಟ್ಟಿದ್ದಿ.”

ಆಚೆ ಕಡೆಯಲ್ಲಿ ಸೋದರತ್ತೆ ಎಲ್ಲವನ್ನೂ ನಡುವೆ ಬಾಯಿ ಹಾಕದೆ ಕೇಳಿದಳು. ಮನೆಯ ಹಿರಿಯರೊಡನೆ ಮಾತಾಡಿ ತಿಳಿಸುತ್ತೇನೆ ಎಂದು ಫೋನು ಇಟ್ಟಳು. ಒಂದು ತಾಸಿನ ಮೇಲೆ ಉತ್ತರ ಬಂತು. ಲಗ್ನ ಗೊತ್ತಾದ ಮುಹೂರ್ತಕ್ಕೇ ನಡೆಯಲಿ. ಧಾರೆಯನ್ನು ಮಾತ್ರ ಶಶಾಂಕ ಮತ್ತು ಅವನ ಹೆಂಡತಿ ಮಧುರಾ ಎರೆದುಕೊಡಲಿ. ದಂಪತಿಗಳು ಮಾಡುವ ಕೆಲಸವಾದ್ದರಿಂದ ಶಾಂತಾರಾಮನೂ ಹಿಂದೆ ಸರಿಯಬೇಕು.

ಉತ್ತರ ಕೇಳಿದ ಶಾಂತಾರಾಮ ಜಗಲಿಯಿಂದ ಎದ್ದ. ಒಳಗೆ ಹೋಗಿ, ಧಾರೆಗೆಂದು ತಂದ ಹೊಸ ಮಡಿಪಂಚೆಯನ್ನು ತೆಗೆದು, ಮಂಟಪದಿಂದ ಕರೆಸಿಕೊಂಡ ತಮ್ಮನ ಕೈಗೆ ಕೊಟ್ಟ. ಅಳತೆ ಸರಿಯಾಗುತ್ತದೆಯೋ ನೋಡು ಎಂದಷ್ಟೇ ಹೇಳಿದ.

ಅಭಿಜ್ಞಾಳನ್ನು ಒಪ್ಪಿಸುವುದು ಅಷ್ಟು ಸುಲಭವಾಗಲಿಲ್ಲ. “ನೀನು ಧಾರೆ ಎರೆಯದಿದ್ರೆ ಆನು ಮಂಟಪಕ್ಕೇ ಬತ್ನಿಲ್ಲೆ,” ಎಂದಳು. ಅವರ ಮನೆಯೇ ಬೇಡ ಎಂದೂ ಅಂದಳು. ಚಿರಂತನನಿಗೆ ಫೋನು ಹಚ್ಚಲು ಹೋದವಳ ಕೈಯನ್ನು ಗಂಗಾ ಹಿಡಿದು, ಮದರಂಗಿ ಕೆಡುತ್ತದೆ ಎಂದು ಕೆಳಗಿಳಿಸಿದಳು.

“ನೀನು ಬಾರದಿದ್ರೆ ಕೆಳಗಿದ್ದ ಆ ಕೂಸಿಗೆ ಗೊತ್ತಾಗ್ತು,” ಎಂದಳು. “ತಮ್ಮ ಹೋದ್ದಲ್ದೇ, ತನ್ನಿಂದ ಒಂದು ಮದುವೆನೂ ನಿಂತ್ತು ಹೇಳಿ. ಅದನ್ನೂ ಆ ಕೂಸೇ ಹೊತ್ಕಂಡು ಹೋಗವಾ?”

ಅಭಿಜ್ಞಾ ಆಮೇಲೆ ಅತ್ತಳೇ ಹೊರತು ಇಲ್ಲವೆನ್ನಲಿಲ್ಲ. ಕೆಳಮನೆಗೆ ಸಂಜೆ ಭಟ್ಟರೂ ಚಿಕ್ಕಪ್ಪನ ಮಗನೂ ಬಂದರು. ಮೇಲಿನ ಮನೆಯಲ್ಲಿ ನಡೆದದ್ದರ ಒಂದು ಅಕ್ಷರವೂ ಆ ಮೂವತ್ತೆರಡು ಮೆಟ್ಟಿಲು ಇಳಿಯದಂತೆ ಹೊನ್ನಿ ನೋಡಿಕೊಂಡಳು.

ಮರುದಿನ ಸಿದ್ದಾಪುರದ ಮಂಟಪ ತುಂಬಿತ್ತು. ಗಂಗಾ ಬೆಳಗಿನಿಂದ ಬಂದವರನ್ನು ವಿಚಾರಿಸುತ್ತ, ಅಡುಗೆಯವರಿಗೆ ಬೇಕಾದ್ದನ್ನು ತೆಗೆದುಕೊಡುತ್ತ ಓಡಾಡಿದಳು. ಮುಹೂರ್ತ ಹತ್ತಿರವಾದಾಗ ಹೆಂಗಸರ ಸಾಲಿನ ಹಿಂದೆ, ಗೋಡೆಯ ಪಕ್ಕದಲ್ಲಿ ಹೋಗಿ ನಿಂತಳು. ನೆಂಟರಲ್ಲಿ ಕೆಲವರಿಗೆ ಕಾರಣ ತಿಳಿದಿತ್ತು, ಕೆಲವರಿಗೆ ಇಲ್ಲ. ಕೇಳಲು ಬಂದವರಿಗೆ ಅವಳು ಮಂಟಪದ ಕಡೆ ಬೆರಳು ತೋರಿಸಿ ಅಲ್ಲಿ ನೋಡಿ ಎಂದಳು. ವೇದಿಕೆಯ ಮೇಲೆ ಶಶಾಂಕ ಅಣ್ಣನ ಮಡಿಯುಟ್ಟು ಕುಳಿತಿದ್ದ. ಮಧುರಾ ಗಿಂಡಿಗೆ ನೀರು ತುಂಬಿಕೊಂಡು ಅವನ ಬಲಕ್ಕೆ ಬಂದಳು.

ಆಗ ಯಾರೋ ಪಕ್ಕದಲ್ಲಿ ಬಂದು ನಿಂತದ್ದು ಗಂಗಾಳಿಗೆ ತಿಳಿಯಿತು. ಚಿರಂತನನ ಸೋದರತ್ತೆ. ವರನ ಕಡೆಯ ಹಿರಿಯಾಕೆಯಾಗಿ ಅವಳಿರಬೇಕಾದ ಜಾಗ ವೇದಿಕೆಯ ಮೇಲಿತ್ತು. ಆಕೆ, ವಾದ್ಯದ ಸದ್ದಿನ ನಡುವೆ ಗಂಗಾಳಿಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಮಾತಾಡಿದಳು.

“ನಿಂಗ ಹೇಳದೇ ಇದ್ದಿದ್ರೆ ಎಂಗಕ್ಕೆ ಗೊತ್ತೇ ಆಗ್ತಿತ್ತಿಲ್ಲೆ.”

ಹೌದೆಂದಳು ಗಂಗಾ.

“ಮತ್ತೆಂತಕ್ಕೆ ಹೇಳಿದ್ದು?”

“ಎಂಗಳ ಕೂಸು ಇನ್ನು ನಿಂಗಳ ಮನೆಲಿ ಇಪ್ಪದು,” ಎಂದಳು ಗಂಗಾ. “ಆನು ಮುಚ್ಚಿಟ್ಟಿದ್ದನ್ನ ಅದು ಹೊತ್ಕಂಡು ಬಪ್ಪದು ಬೇಡ.”

ವೇದಿಕೆಯ ಮೇಲಿನಿಂದ ಯಾರೋ ಸೋದರತ್ತೆಯನ್ನು ಎರಡು ಸಲ ಕರೆದರು. ಅವಳು ಕೈಯೆತ್ತಿ, ನಡೆಸಿ ಎಂದು ಸನ್ನೆ ಮಾಡಿ ನಿಂತಲ್ಲೇ ನಿಂತಳು. ವಧೂವರರ ನಡುವೆ ಅಡ್ಡ ಹಿಡಿದ ಸೆಲ್ಲೆ ಸರಿಯಿತು. ಮಧುರಾ ಗಿಂಡಿಯನ್ನು ಬಾಗಿಸಿದಳು. ನೀರು ಅಭಿಜ್ಞಾಳ ಕೈಯ ಮೇಲೆ ಬಿದ್ದು, ಚಿರಂತನನ ಬೆರಳುಗಳ ಸಂದಿಯಿಂದ ಇಳಿದು, ಕೆಳಗಿನ ಹರಿವಾಣದಲ್ಲಿ ನಿಂತಿತು. ನೀರು ಎಲ್ಲೂ ಕಡಿಯದೆ ಒಂದೇ ಧಾರೆಯಾಗಿ ಬೀಳುತ್ತಿತ್ತು ಎಂಬುದನ್ನು ಗಂಗಾ ಗಮನಿಸಿದಳು. ಮಧುರಾ ಒಳ್ಳೆಯ ಹೆಂಗಸು. ಗಿಂಡಿ ಬರಿದಾಗುವವರೆಗೆ ಗಂಗಾ ಕಣ್ಣು ಮಿಟುಕಿಸದೆ ನೋಡಿದಳು.